ಜಂಗಿನಲ್ಲಿ ಅರ್ಧ ಪಾಲು

ನನಗೆ ಬೇಗ ಸಿಟ್ಟು ಬರುತ್ತದೆ ಎಂದು ಆನೆಗೊಂದಿಯ ಜನ ಹೇಳುತ್ತಾರೆ. ಶುದ್ಧ ಸುಳ್ಳು. ಹೋದದ್ದು ತಾನೆ ಬರಬೇಕು? ನನ್ನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ. ಗಂಗಾವತಿಯಿಂದ ಕುಷ್ಟಗಿಗೆ ಹೋಗುವ ಸರಕಾರಿ ಬಸ್ಸಿನ ಕಂಡಕ್ಟರ್ ನಾನು, ಪಂಪಣ್ಣ. ಅರ್ಧ ಬಸ್ಸು ಖಾಲಿಯಿದ್ದರೂ ಬಾಗಿಲಲ್ಲೇ ಜೋತುಬಿದ್ದು, ‘ಒಳಗ ಸರೀರಿ’ ಎಂದರೆ ಹೊರಗೆ ನೋಡುವ ಜನರ ನಡುವೆ ಮದುವೆಗೂ ಮೊದಲಿನಿಂದ ನಿಂತಿದ್ದೇನೆ. ಹೌದು, ನಿಂತೇ ಇದ್ದೇನೆ. ಕಂಡಕ್ಟರನಿಗೂ ಒಂದು ಸೀಟಿದೆ ಎಂದು ನಿಯಮದಲ್ಲಿ ಇರಬಹುದು. ಅದರ ಮೇಲೆ ಯಾವಾಗಲೂ ಯಾರದೋ ಉಳ್ಳಾಗಡ್ಡಿ ಚೀಲ ಕೂತಿರುತ್ತದೆ.

ಈ ನಿಲ್ಲುವ ವಿಷಯವೇ ಎಲ್ಲದಕ್ಕೂ ಮೂಲ. ನನ್ನ ಹೆಂಡತಿ ಹೇಮಾಳ ತಮ್ಮ ಸುಭಾಷ್ ಕುಷ್ಟಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನು ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಕರೆಯಲು ಬರಲಿಲ್ಲ, ಫೋನ್ ಮಾಡಿದ. ಅವನ ಹತ್ತಿರ ಏಳು ಸೀಟಿನ ಬಿಳಿ ಗಾಡಿ ಇದೆ. ಅಂಗಡಿಯ ಆಳು, ಆಳಿನ ಬೀಗರು, ಕೊನೆಗೆ ಗೊಬ್ಬರದ ಚೀಲಗಳೂ ಅದರಲ್ಲಿ ಸವಾರಿ ಮಾಡಿವೆ. ಅಕ್ಕನನ್ನು ಕರೆದೊಯ್ಯಲು ಮಾತ್ರ ಅದು ಒಂದು ಸಲವೂ ಆನೆಗೊಂದಿಯ ದಾರಿ ಹಿಡಿದಿರಲಿಲ್ಲ.

“ಮಾಮಾ, ನಮ್ಮ ಮನಿ ವಾಸ್ತುಶಾಂತಿ ಐತಿ. ಅಕ್ಕನ್ನ ಕರಕೊಂಡು ಬಸ್ಸಿಗೆ ಬಂದುಬಿಡ್ರಿ,” ಎಂದ. “ಅಕ್ಕಂಗ ಹೆಂಗೂ ಬಸ್ಸು ಪುಕ್ಕಟೆ ಐತಿ. ನಿಮಗ ನಿಂತು ಬರೋದು ರೂಢಿ ಐತಿ. ಏನೂ ತ್ರಾಸ ಇಲ್ಲ ನೋಡ್ರಿ.”

ಫೋನಿನ ಸ್ಪೀಕರ್ ಹಾಕಿತ್ತು. ಹೇಮಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

“ಈ ಸಲ ನಾ ಬಸ್ಸಿಗೆ ಹೋಗಂಗಿಲ್ರಿ,” ಎಂದಳು. “ಎಲ್ಲಾರೂ ಗಾಡ್ಯಾಗ ಬಂದು ಇಳಿಯೋ ಮುಂದ ನಾ ಚೀಲ ಹೊತಗೊಂಡು ಬಸ್ ಸ್ಟ್ಯಾಂಡಿನಿಂದ ನಡಕೊಂತ ಹೋಗಿ ಸಾಕಾಗೈತಿ. ತವರು ತಪ್ಪಿದ್ರ ತಪ್ಪಲಿ.”

ತವರನ್ನು ಬಿಡುವ ಮಾತು ಹೇಮಾಳ ಬಾಯಲ್ಲಿ ಬಂದದ್ದು ಅದೇ ಮೊದಲು. ನನ್ನ ತಲೆ ಕೆಟ್ಟಿತು. ಫೋನ್ ಇನ್ನೂ ಕೈಯಲ್ಲೇ ಇತ್ತು, ಅದರೊಳಗೆ ಕೂಗಿದೆ: “ಏ ಸುಭಾಷಾ! ನಿಮ್ಮಕ್ಕ ಬಸ್ಸಿಗೆ ಬರಂಗಿಲ್ಲ. ನಮ್ಮ ಸ್ವಂತ ಕಾರಿನಾಗ, ಸೀಟಿನ ಮ್ಯಾಲೆ ಕುಂತು ಬರ್ತಾಳ. ಗೇಟ್ ತೆಗೆದಿಟ್ಟಿರು!”

ನಮ್ಮ ಮನೆಯಲ್ಲಿ ಆಗ ಗಾಲಿಯಿದ್ದ ವಸ್ತು ಎಂದರೆ ಗ್ಯಾಸ್ ಸಿಲಿಂಡರ್ ಇಡುವ ಸ್ಟ್ಯಾಂಡು ಒಂದೇ.

ಕಾರು ಸಿಕ್ಕಿದ್ದು ಗಂಗಾವತಿಯ ಒಂದು ರೈಸ್ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ. ತೀರಿಹೋದ ಸಾಹುಕಾರರು ಪ್ರಾಯದಲ್ಲಿ ಮದರಾಸಿನಿಂದ ತಂದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಮೂತಿ ಉದ್ದ, ಎತ್ತರ ನನ್ನ ಸೊಂಟದ ತನಕ, ಮೇಲೆ ಛಾವಣಿ ಇಲ್ಲ, ಒಳಗೆ ಎರಡೇ ಸೀಟು. ಒಂದು ನನಗೆ, ಒಂದು ಹೇಮಾಗೆ. ನಿಲ್ಲಲು ಜಾಗವೇ ಇಲ್ಲದ ಗಾಡಿಯನ್ನು ಜೀವನದಲ್ಲಿ ಮೊದಲ ಸಲ ನೋಡಿದೆ, ನೋಡಿದ ಕೂಡಲೇ ಮನಸೋತೆ. ಸಾಹುಕಾರರ ಮಗನಿಗೆ ಭತ್ತದ ಹೊಟ್ಟು ತುಂಬಿಡಲು ಜಾಗ ಬೇಕಾಗಿತ್ತು. “ತಗೊಂಡ ಹೋಗ್ರಿ ಪಂಪಣ್ಣಾರ, ನಮಗೊಂದು ಪೀಡಾ ತಪ್ಪತೈತಿ,” ಎಂದು ಚಹಾ ಕುಡಿಸಿ ಕೊಟ್ಟ. ಎಣ್ಣೆ ಹೊಯ್ದು ತಿರುಗಿಸಿದರೆ ಇಂಜಿನ್ ಪಾಪ ಗುರ್ ಎಂದು ಎದ್ದೇಬಿಟ್ಟಿತು. ರೋಗವೆಲ್ಲ ತಗಡಿನಲ್ಲಿತ್ತು. ತುಕ್ಕು, ನಮ್ಮ ಕಡೆಯವರು ಜಂಗು ಅನ್ನುತ್ತೇವೆ. ಕಾರಿನ ಬಣ್ಣ ಕೆಂಪು, ಜಂಗಿನ ಬಣ್ಣವೂ ಕೆಂಪು. ಎಲ್ಲಿ ಬಣ್ಣ ಮುಗಿದು ಎಲ್ಲಿ ಜಂಗು ಶುರುವಾಗಿದೆ ಎಂದು ತಿಳಿಯುತ್ತಿರಲಿಲ್ಲ.

ನಮ್ಮೂರಿನ ಪಂಚಾಯಿತಿ ಮೆಂಬರ್ ಮಾರೆಪ್ಪ ತನ್ನ ಟ್ರ್ಯಾಕ್ಟರಿಗೆ ಕಟ್ಟಿ ಅದನ್ನು ನಮ್ಮ ಅಂಗಳಕ್ಕೆ ಎಳೆದು ತಂದ. ಪಕ್ಕದ ಮನೆಯ ಹುಲಿಗವ್ವ ಗೋಡೆಯ ಮೇಲಿಂದ ಇಣುಕಿದಳು. “ಯಪ್ಪಾ ಪಂಪಣ್ಣ, ಮಾಡು ಇಲ್ಲಲ್ಲೋ ಇದಕ್ಕ! ಅರ್ಧಾನ ಕೊಟ್ಟು ಕಳಿಸ್ಯಾರ ನಿನಗ!”

ಹೇಮಾ ಕಾರನ್ನು ಒಂದು ಸುತ್ತು ಹಾಕಿ ನೋಡಿ, “ಓಡಸೋರು ಯಾರ್ರೀ?” ಎಂದು ಕೇಳಿದಳು.

ಎಂಥ ಪ್ರಶ್ನೆ! ಬಸ್ಸನ್ನು ಡ್ರೈವರ್ ಓಡಿಸುತ್ತಾನೆ ಎಂದು ಜನ ತಿಳಿದಿದ್ದಾರೆ. ನಾನು ‘ರೈಟ್’ ಅನ್ನದೆ ಅವನು ಒಂದು ಗೇಣು ಮುಂದೆ ಹೋಗಲಿ ನೋಡೋಣ. “ಮೊದಲು ಜಂಗ ಹೋಗ್ಲಿ. ಓಡಸೋದು ಏನ್ ದೊಡ್ಡ ಮಾತು?” ಎಂದು ರೇಗಿದೆ. ಆ ಮಾತು ಅಲ್ಲಿಗೇ ಬಿದ್ದುಹೋಯಿತು.

ಜಂಗು ನೋಡಲು ಗಂಗಾವತಿಯ ಬಡೇಸಾಬ ಬೇಕು. ಡೆಂಟಿಂಗ್, ವೆಲ್ಡಿಂಗ್ ಮಾಡುವ ಗ್ಯಾರೇಜು ಅವನದು. ಕೆಲಸ ಕೆಟ್ಟದ್ದಲ್ಲ. ಆದರೆ ಒಂದು ಸ್ಕೂಟರಿನ ಮಡ್‌ಗಾರ್ಡ್ ನೋಡಿದರೂ ಹೃದಯದ ಆಪರೇಶನ್ ಮಾಡುವ ಡಾಕ್ಟರನ ಗತ್ತು. “ಅಮವಾಸಿ ದಿನ ಬರ್ತೀನ್ರಿ,” ಎಂದ. “ಅವತ್ತ ಯಾವ ಮಾಲಕನೂ ಗಾಡಿ ಬಿಚ್ಚಾಕ ಒಪ್ಪಂಗಿಲ್ಲ. ತೊಳದು, ಪೂಜಿ ಮಾಡಿ, ಕಾಯಿ ಒಡದು ಮನ್ಯಾಗ ನಿಲ್ಲಸ್ತಾರ. ನಮ್ಮ ಗ್ಯಾರೇಜ್ ಬಂದ್. ನೀವು ಒಂದ್ ಬುಟ್ಟಿ ನಿಂಬಿಹಣ್ಣು, ಹರಳುಪ್ಪು ತಂದಿಡ್ರಿ, ಉಳದದ್ದು ನಾ ತರ್ತೀನಿ.”

ಅಮಾವಾಸ್ಯೆಯ ದಿನ ನೆತ್ತಿಯ ಮೇಲೆ ಬಿಸಿಲಿರುವಾಗ ಬಡೇಸಾಬ ಬಂದ. ಧೂಳು ಹಾರಬಾರದೆಂದು ಕಾರಿನ ಸುತ್ತ ನಾಲ್ಕೂ ಕಡೆ ತಾಡಪತ್ರಿ ಕಟ್ಟಿಸಿದ. ಹೇಮಾ, ಹೇಗೂ ಅಮಾವಾಸ್ಯೆ ಎಂದು ಕಾರಿನ ಮೂತಿಗೆ ಕುಂಕುಮ ಹಚ್ಚಿ ಊದಿನಕಡ್ಡಿ ಸಿಕ್ಕಿಸಿ ಹೋದಳು. ಬಡೇಸಾಬ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಕಾರಿನ ಮೈಮೇಲೆ ಆಡಿಸುತ್ತ ಹೋದ. ಅದು ಹಿಡಿದುಕೊಂಡ ಕಡೆ ತಗಡು, ಜಾರಿದ ಕಡೆ ಹಿಂದೆ ಯಾರೋ ತೂತು ಮುಚ್ಚಲು ಮೆತ್ತಿದ ಪುಟ್ಟಿ. ಜಾರಿದಲ್ಲೆಲ್ಲ ಬಿಳಿ ಸೀಮೆಸುಣ್ಣದಿಂದ ದುಂಡಗೆ ಗೀಟು ಎಳೆದ. ಆಮೇಲೆ ಮಂಡಿಯೂರಿ ಕೂತು, ಸಣ್ಣ ಸುತ್ತಿಗೆಯಿಂದ ಬಡಿದು ತಗಡಿಗೆ ಕಿವಿ ಹಚ್ಚಿದ.

“ಶ್! ಉಸಿರು ಬಿಡಬ್ಯಾಡ್ರಿ,” ಎಂದ. “ಠಣ್ ಅಂದ್ರ ಜೀವ ಐತಿ. ಡಬ್ ಅಂದ್ರ ಖಲಾಸ್.”

ಡಬ್ ಎಂದಿತು. ಪಕ್ಕದಲ್ಲಿ ಬಡಿದ. ಡಬ್. ಬಾಗಿಲ ಕೆಳಗಿನ ಅಂಚಿನುದ್ದಕ್ಕೂ ಡಬ್ ಡಬ್ ಡಬ್. ಬಡೇಸಾಬನ ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು, ರೋಗಿಯ ಸಂಕಟ ಹೆಚ್ಚಿದಷ್ಟೂ ಈ ಜಾತಿಯ ಡಾಕ್ಟರರಿಗೆ ಹುರುಪು. “ಮ್ಯಾಲೆ ಕಾಣೋದು ಏನೂ ಅಲ್ರಿ! ಇದ್ದದ್ದೆಲ್ಲಾ ಒಳಗ ಐತಿ!” ಎಂದು ಕೂಗಿ, ನಿಂಬೆಹಣ್ಣು ಕೊಯ್ದು ಉಪ್ಪಿನಲ್ಲಿ ಅದ್ದಿ ಕ್ರೋಮ್ ಬಂಪರಿನ ಜಂಗು ತಿಕ್ಕತೊಡಗಿದ.

ತಾಡಪತ್ರಿಯ ಸಂದಿನಲ್ಲಿ ಒಂದು ಕಣ್ಣು ಕಂಡಿತು. ಹುಲಿಗವ್ವನದು.

ಇಲ್ಲಿ ನಮ್ಮೂರಿನ ಒಂದು ಕಾಯಿಲೆಯನ್ನು ಹೇಳಬೇಕು. ಆನೆಗೊಂದಿಯಲ್ಲಿ ಬಂಡೆಗಿಂತ ಹೆಚ್ಚು ನಿಧಿಯ ಕಥೆಗಳಿವೆ. ಎಲ್ಲೆಲ್ಲಿಂದಲೋ ಕಳ್ಳರು ಬಂದು ಗುಡಿಯ ಕಟ್ಟೆ, ಬಂಡೆಯ ಬುಡ ಅಗೆದು ಹೋಗುತ್ತಾರೆ. ಅವರು ಹೋದ ಮೇಲೆ ತಗ್ಗಿನ ಪಕ್ಕದಲ್ಲಿ ಸಿಗುವುದು ಕೊಯ್ದ ನಿಂಬೆಹಣ್ಣು, ಕುಂಕುಮ, ಬಿಳಿ ಗೀಟು. ಅವರು ಬರುವುದೂ ಅಮಾವಾಸ್ಯೆಗೆ. ಅವರೂ ಬಡಿದು, ಕಿವಿ ಹಚ್ಚಿ, ಡಬ್ ಎಂದ ಕಡೆಯೇ ಅಗೆಯುತ್ತಾರೆ. ಇದು ನಮ್ಮೂರಿನ ಪ್ರತಿಯೊಬ್ಬ ಮನುಷ್ಯನಿಗೂ ಅಂಗನವಾಡಿಯಿಂದಲೇ ಗೊತ್ತು. ನನಗೂ ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ಆಗ ಇದ್ದದ್ದು ಸುಭಾಷ್‌ನ ಗೇಟು ಒಂದೇ.

ಹುಲಿಗವ್ವ ಮೆಲ್ಲಗೆ ಒಳಗೆ ಬಂದು ನನ್ನ ಕಿವಿಯ ಹತ್ತಿರ, “ಪಂಪಣ್ಣ, ಬಲಿ ಬೇಕಾಗತೈತೇನು? ಕೋಳಿ ನಮ್ಮನ್ಯಾಗ ಐತಿ. ನನ್ನ ಮರೀಬ್ಯಾಡ ಅಷ್ಟ,” ಎಂದಳು.

“ಯಾತಕ್ಕ ಬಲಿ? ಜಂಗ ನೋಡಾಕ ಬಂದಾರವ್ವಾ ಅವರು, ಜಂಗ!”

“ಹೌದಪ್ಪಾ, ಜಂಗ,” ಎಂದು ಕಣ್ಣು ಹೊಡೆದಳು. “ನಾ ಯಾರಿಗೂ ಹೇಳಂಗಿಲ್ಲ.”

ಬಡೇಸಾಬ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅರ್ಧ ಊರು ನಮ್ಮ ಅಂಗಳದಲ್ಲಿತ್ತು. ಸತ್ತ ಸಾಹುಕಾರರು ಮಿಲ್ಲಿನ ಬಂಗಾರವನ್ನೆಲ್ಲ ಕಾರಿನ ಬಾಗಿಲಲ್ಲಿ ತುಂಬಿ ಬೆಸೆದಿದ್ದಾರೆ. ಅದು ಗೊತ್ತಿಲ್ಲದೆ ಮಗ ದಾನ ಮಾಡಿದ್ದಾನೆ. ಗೊತ್ತಿದ್ದೇ ಪಂಪಣ್ಣ ತಂದಿದ್ದಾನೆ. ಇಷ್ಟು ಕಥೆ ತಯಾರು ಮಾಡಿ, ನನಗೇ ಹೇಳಿದರು.

“ಜಂಗರೀ! ಬರೀ ಜಂಗ!” ಎಂದು ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ತಾಡಪತ್ರಿ ಕಿತ್ತೆಸೆದೆ, ನಿಂಬೆಹಣ್ಣಿನ ಬುಟ್ಟಿಯನ್ನು ಒದ್ದೆ.

ಜನ ಒಬ್ಬರ ಮುಖ ಒಬ್ಬರು ನೋಡಿದರು. “ಏನೂ ಇಲ್ಲದವ ಇಷ್ಟ್ಯಾಕ ಸಿಟ್ಟಾಗ್ತಾನ?” ಎಂದು ಹಿಂದಿನಿಂದ ಯಾರೋ ಅಂದರು. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಸಿಟ್ಟಿನ ಮನುಷ್ಯನಾಗಿ ನಾನು ಊರಲ್ಲಿ ಇಷ್ಟು ವರ್ಷ ಗಳಿಸಿದ ಹೆಸರು ಆವತ್ತು ಒಂದು ಪೈಸೆಯ ಕೆಲಸಕ್ಕೂ ಬರಲಿಲ್ಲ.

ಮಾರೆಪ್ಪ ಮುಂದೆ ಬಂದು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. “ನೋಡು ಪಂಪಣ್ಣ, ನನ್ನ ಟ್ರ್ಯಾಕ್ಟರ್ ಎಳದು ತಂದೈತಿ. ಊರ ನೆಲದ ಮ್ಯಾಲೆ ನಿಂತೈತಿ. ಅರ್ಧ ಊರಿಗೆ ಕೊಡಬೇಕು.”

“ಜಂಗಿನಾಗ ಅರ್ಧ ಬೇಕೇನು ನಿನಗ?”

“ಜಂಗ ಅಂತ ನೀ ಕರೀ. ಹೆಸರಿನಾಗ ಏನೈತಿ? ಅರ್ಧ ಅಂದ್ರ ಅರ್ಧ.”

ನನ್ನ ಮೈಯೆಲ್ಲ ಉರಿಯಿತು. ಕಾರಿನ ಮೂತಿಯ ಮೇಲೆ ಕೈ ಬಡಿದು ಹೇಳಿದೆ: “ಆತು! ಇದರೊಳಗ ಏನ್ ಐತೋ, ಅದರಾಗ ಅರ್ಧ ಊರಿಗೆ. ಬಂಗಾರ ಇದ್ರ ಬಂಗಾರ, ಜಂಗ ಇದ್ರ ಜಂಗ! ಎಲ್ಲಾರೂ ಕೇಳಿಸ್ಕೊಂಡ್ರಿಲ್ಲ? ಹಿಂದಾಗಡೆ ಯಾರೂ ಮಾತು ತಿರುವಬಾರದು!”

“ಇಲ್ಲ, ಇಲ್ಲ,” ಎಂದು ಊರು ಒಕ್ಕೊರಲಿನಿಂದ ಒಪ್ಪಿತು.

ಮರುದಿನ ಬೆಳಿಗ್ಗೆ ನಾನು ಡ್ಯೂಟಿಗೆ ಹೊರಡುವ ಹೊತ್ತಿಗೆ, ಯಾವತ್ತೂ ಆನೆಗೊಂದಿಯ ದಾರಿ ಕಾಣದ ಬಿಳಿ ಗಾಡಿ ನಮ್ಮ ಮನೆಯ ಮುಂದೆ ಬಂದು ನಿಂತಿತು. ಒಳಗೆ ಸುಭಾಷ್ ಒಬ್ಬನೇ, ಆರು ಸೀಟೂ ಖಾಲಿ. ಕೈಯಲ್ಲಿ ಪೇಢೆಯ ಡಬ್ಬಿ. ಬಂದವನೇ ನನ್ನ ಕಾಲು ಮುಟ್ಟಿದ.

“ಮಾಮಾ, ನೀವು ನಮ್ಮ ಮನಿಗೆ ಹಿರೇರು,” ಎಂದ. “ಅಕ್ಕಾ, ಈ ಗಾಡಿ ಯಾರದು ತಿಳದಿ? ನಿಂದು. ವಾಸ್ತುಶಾಂತಿಗೆ ಹಿಂದಿನ ದಿನಾನ ಬಂದು ಕರಕೊಂಡ ಹೋಗ್ತೀನಿ. ಎಲ್ಲಾ ಸೀಟೂ ನಿನಗ. ಬೇಕಾದ್ರ ಅಡ್ಡ ಮಲಕ್ಕೊಂಡು ಬಾ.”

ಹೇಮಾ ನಕ್ಕಳು. ಆಮೇಲೆ ಸೆರಗು ಸರಿಮಾಡಿಕೊಂಡು, ಗೋಡೆಯ ಕಡೆ ಹೋಗಿ, “ಹುಲಿಗವ್ವಾ, ನಮ್ಮ ತಮ್ಮ ಬಂದಾನ, ಗಾಡಿ ತಂದಾನ ನೋಡು,” ಎಂದಳು. ಆ ದನಿ ಕೇಳಿ ನನಗೆ ಸಿಟ್ಟಲ್ಲದ ಮತ್ತೇನೋ ಆಯಿತು. ಏನೆಂದು ತಿಳಿಯದೆ ಅದನ್ನೂ ಸಿಟ್ಟು ಮಾಡಿಕೊಂಡು, ಚಪ್ಪಲಿ ಮೆಟ್ಟಿ ಅಂಗಳಕ್ಕೆ ಬಂದೆ.

ಅಂಗಳದಲ್ಲಿ ಸರಕಾರ ನಿಂತಿತ್ತು. ಕಂದಾಯ ನಿರೀಕ್ಷಕ ಮಲ್ಲೇಶ ಸಾಹೇಬರು, ಜೊತೆಗೆ ಒಬ್ಬ ಹವಾಲ್ದಾರ. ಯಾರೋ ಪುಣ್ಯಾತ್ಮ ಮೂಗರ್ಜಿ ಬರೆದಿದ್ದ.

“ನೆಲದಾಗ ಸಿಕ್ಕ ನಿಧಿ ಸರಕಾರದ್ದು,” ಎಂದರು ಸಾಹೇಬರು.

“ಸಾಹೇಬ್ರ, ಇದು ನೆಲದಾಗ ಇಲ್ಲ. ಗಾಲಿ ಮ್ಯಾಲೆ ಐತಿ.”

“ಗಾಲಿ ನೆಲದ ಮ್ಯಾಲೆ ಅದಾವೋ ಇಲ್ಲೋ?”

“ಒಳಗ ಜಂಗ ಸಿಕ್ಕರ ಯಾರದ್ರಿ?” ಎಂದೆ.

“ಅದು ನಿಮ್ಮದು,” ಎಂದು ಸಾಹೇಬರು ಧಾರಾಳವಾಗಿ ಬಿಟ್ಟುಕೊಟ್ಟರು.

ಆಮೇಲೆ ತನಿಖೆಗೆಂದು ಕಾರಿನೊಳಗೆ ಕಾಲಿಟ್ಟರು. ಮೊದಲು ಬಲಗಾಲು, ನಂತರ ಎಡಗಾಲು. ಒಂದು ಕ್ಷಣ ಎಲ್ಲ ಸರಿಯಾಗಿತ್ತು. ನಂತರ ಕರ್ ಎಂಬ ಸದ್ದಾಗಿ ಮಲ್ಲೇಶ ಸಾಹೇಬರು ನಮ್ಮೆಲ್ಲರ ಕಣ್ಣೆದುರಿಗೇ ಒಂದು ಅಡಿ ಗಿಡ್ಡಗಾದರು. ಕಾರಿನ ತಳ ಕಿತ್ತು, ಅವರ ಬೂಟುಗಳು ನಮ್ಮ ಅಂಗಳದ ಮಣ್ಣಿನ ಮೇಲೆ ನಿಂತಿದ್ದವು. ಪ್ಯಾಂಟು ಮಾತ್ರ ತಗಡಿನ ಹಲ್ಲುಗಳಲ್ಲಿ ಸಿಕ್ಕಿಕೊಂಡು ಕಾರಿನಲ್ಲೇ ಉಳಿಯಲು ಹಟ ಹಿಡಿಯಿತು.

“ತೆಗೀರಿ ನನ್ನ! ಕತ್ತರಸ್ರಿ!”

“ಎಲ್ಲೆಲ್ಲಿ ಕತ್ತರಸಬೇಕ್ರಿ?” ಎಂದು ಹವಾಲ್ದಾರ ಕೇಳಿದ.

“ಎಲ್ಲೆಲ್ಲಿ ಗೀಟು ಹಾಕ್ಯಾರ, ಅಲ್ಲೆಲ್ಲಾ ಕತ್ತರಸ್ರಿ! ಒಂದೂ ಬಿಡಬ್ಯಾಡ್ರಿ!”

ಬಡೇಸಾಬನನ್ನು ಕರೆಸಿದರು. ಮೊದಲು ಸಾಹೇಬರನ್ನು ಬಿಡಿಸಿ, ಅವರಿಗೆ ನನ್ನದೊಂದು ಲುಂಗಿ ಉಡಿಸಿ, ಆಮೇಲೆ ಕೆಲಸಕ್ಕೆ ನಿಂತ. ಕಟರ್ ಚೀರಿತು, ಕಿಡಿ ಹಾರಿದವು. ಬಾಗಿಲು, ಅಂಚು, ತಳ, ಮಡ್‌ಗಾರ್ಡು. ಒಂದೊಂದು ತುಂಡು ಬೀಳುವಾಗಲೂ ಜನ ಕೊರಳು ಚಾಚಿದರು. ನನ್ನ ಕಾರನ್ನು ನನ್ನ ಅಂಗಳದಲ್ಲೇ ಕುರಿಯ ಹಾಗೆ ಕೊಯ್ಯುತ್ತಿದ್ದರು, ನಾನು ಬೈಯುತ್ತಲೇ ಇದ್ದೆ, ಕಟರಿನ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಸುಭಾಷ್ ಎಲ್ಲರಿಗಿಂತ ಮುಂದೆ ನಿಂತು, ಬೀಳುವುದನ್ನು ಹಿಡಿಯಲು ಟವೆಲ್ ಹಾಸಿಕೊಂಡಿದ್ದ.

ಒಳಗಿನಿಂದ ಬಿದ್ದದ್ದು ಭತ್ತದ ಹೊಟ್ಟು, ಒಂದು ಇಲಿಗೂಡು, ಒಣಗಿ ಗೋಲಿಯಾದ ನಿಂಬೆಹಣ್ಣು, ಮತ್ತು ಕಪ್ಪಗಾದ ಯಾವುದೋ ಗಟ್ಟಿ ಚೂರುಗಳು. ಹವಾಲ್ದಾರ ಒಂದು ಚೂರನ್ನು ಎತ್ತಿ ಹಲ್ಲಿನಿಂದ ಕಚ್ಚಿ ನೋಡಿ, “ಕೊಬ್ಬರಿ ಸಾಹೇಬ್ರ,” ಎಂದು ವರದಿ ಒಪ್ಪಿಸಿದ.

ಬಡೇಸಾಬ ಕಟರ್ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟ. “ತಿಳೀತ್ರಿ ನನಗ! ಸಾಹುಕಾರ್ರು ಅಮವಾಸಿಗೊಮ್ಮೆ ಇದನ್ನ ನಿಲ್ಲಿಸಿ ತೊಳದಾರ, ಇದರ ಮ್ಯಾಲೆ ಕಾಯಿ ಒಡದಾರ. ಕಾಯಿನೀರು ಎಲ್ಲಾ ಬಾಗಲದಾಗ ಇಳದೈತಿ. ಈ ಜಂಗ ಮಳೀದಲ್ರಿ. ಪೂಜೀದು!”

ಅಂಗಳ ಖಾಲಿಯಾಗಲು ಬಸ್ ಸ್ಟ್ಯಾಂಡು ಖಾಲಿಯಾಗುವಷ್ಟು ಹೊತ್ತೂ ಹಿಡಿಯಲಿಲ್ಲ. ಮಲ್ಲೇಶ ಸಾಹೇಬರು ಲುಂಗಿ ಎತ್ತಿಕಟ್ಟಿ ಜೀಪು ಹತ್ತಿದರು. ಹುಲಿಗವ್ವ ತನ್ನ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಸುಭಾಷ್ ಟವೆಲ್ ಕೊಡವಿ ಒಳಗೆ ಹೋದವನು ಪೇಢೆಯ ಡಬ್ಬಿ ಹಿಡಿದುಕೊಂಡು ಹೊರಗೆ ಬಂದ.

“ಅಕ್ಕಾ, ಇದು ಬ್ಯಾರೆ ಒಬ್ಬರ ಮನಿಗೆ ಕೊಡೋದಿತ್ತು. ನೀ ಹೆಂಗೂ ಬಿಚ್ಚಿಲ್ಲ,” ಎಂದ. “ಮತ್ತ ಆ ದಿನ ಗಾಡಿ ಬಿಜಿ ಐತಿ. ಸೀಟು ಎಲ್ಲಾ ತುಂಬ್ಯಾವ. ನೀವು ಬಸ್ಸಿಗೇ ಬಂದುಬಿಡ್ರಿ.”

ಗೋಡೆಯ ಆಚೆ ಹುಲಿಗವ್ವ ಕೇಳಿಸಿಕೊಳ್ಳುತ್ತಿದ್ದಳು. ಅದು ಹೇಮಾಗೂ ಗೊತ್ತಿತ್ತು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಅಂಗಳದಲ್ಲಿ ಉಳಿದವರು ನಾನು, ಬಡೇಸಾಬ, ಮತ್ತು ಒಂದು ಎಲುಬಿನ ಗೂಡು.

“ಛಲೋ ಆತ್ರಿ!” ಎಂದ ಬಡೇಸಾಬ. “ತಿಂಗಳ ಕೆಲಸ ಒಂದ ದಿನದಾಗ ಆತು. ಜಂಗ ಅಷ್ಟೂ ಹೋತು.”

“ಕಾರೂ ಹೋತಲ್ರಿ!”

“ಚಾಸಿ ಠಣ್ ಅಂತೈತಿ, ಇಂಜಿನ್ ಐತಿ. ಈಗ ಬೇಕಾಗಿದ್ದು ಬರೇ ತಗಡು. ತಗಡು ಕೊಡ್ರಿ, ನಾ ಕಾರು ಕೊಡ್ತೀನಿ.”

ಗೃಹಪ್ರವೇಶಕ್ಕೆ ವಾರವೂ ಉಳಿದಿರಲಿಲ್ಲ. ನಾನು ಕತ್ತರಿಸಿ ಬಿದ್ದ ಜಂಗನ್ನೆಲ್ಲ ಗುಡಿಸಿ ಎರಡು ಗುಂಪು ಮಾಡಿದೆ. ಒಂದು ಗುಂಪನ್ನು ಗೋಣಿಚೀಲಕ್ಕೆ ತುಂಬಿ, ಹೊತ್ತುಕೊಂಡು ಹೋಗಿ, ಮಾರೆಪ್ಪನ ಮನೆಯ ಕಟ್ಟೆಯ ಮೇಲೆ ಸುರುವಿದೆ. ಅವನು ಪಂಚಾಯಿತಿಯ ನಾಲ್ಕು ಜನರ ಜೊತೆ ಚಹಾ ಕುಡಿಯುತ್ತಿದ್ದ. ಕೆಂಪು ಪುಡಿ ಚಹಾದ ಬಸಿಯೊಳಗೆ ಬಿತ್ತು.

“ಏನಿದು ಪಂಪಣ್ಣ?”

“ನಿನ್ನ ಅರ್ಧ! ಬಂಗಾರ ಇದ್ರ ಬಂಗಾರ, ಜಂಗ ಇದ್ರ ಜಂಗ ಅಂದಿದ್ದೆ. ತಗೋ! ಊರಿಗೆಲ್ಲಾ ಹಂಚು! ಹೆಸರಿನಾಗ ಏನೈತಿ ಅಂದಿದ್ದಿಲ್ಲ? ಬಂಗಾರ ಅಂತ ಕರಿ!”

“ಕಾಲಿಗೆ ಬೀಳ್ತೀನಿ, ಮೆಲ್ಲಕ ಮಾತಾಡೋ ಮಾರಾಯಾ…”

“ಮೆಲ್ಲಕ ಮಾತಾಡಂಗಿಲ್ಲ! ನನ್ನ ಹೇಂತಿ ತವರಿಗೆ ಹೋಗೋ ಗಾಡಿ ಕೊಯ್ಸಿಬಿಟ್ರಿ ಎಲ್ಲಾರೂ ಕೂಡಿ! ನಿಂತು ನೋಡಿದ್ರಿ! ಲಾಭದಾಗ ಅರ್ಧ ಊರಿಗೆ, ಲುಕ್ಸಾನದಾಗ ಅರ್ಧ ಯಾರಿಗೆ?”

ನಾನು ಅಲ್ಲಿಂದ ಕದಲಲಿಲ್ಲ. ಮಾರೆಪ್ಪನ ಹೆಂಡತಿ ಊಟಕ್ಕೆ ಕರೆದಾಗಲೂ ಬೈಯುತ್ತಿದ್ದೆ, ಊಟ ಮಾಡಿಯೂ ಬೈದೆ. ಸಂಜೆಯಾಗುವ ಮುಂಚೆ ಮಾರೆಪ್ಪ ತನ್ನ ಪಂಪ್‌ಸೆಟ್ ಮನೆಯ ಹೊಸ ತಗಡುಗಳನ್ನು ಬಿಚ್ಚಿಕೊಟ್ಟ. ಹುಲಿಗವ್ವ ಅಕ್ಕಿ ಡ್ರಮ್ಮಿನ ಮುಚ್ಚಳ ತಂದಳು. ಸುದ್ದಿ ತಿಳಿದ ಮಲ್ಲೇಶ ಸಾಹೇಬರು, ತಮ್ಮ ಲುಂಗಿ ಪ್ರಕರಣ ನನ್ನ ಬಸ್ಸಿನಲ್ಲಿ ಕುಷ್ಟಗಿಯ ತನಕ ಹರಡಬಾರದೆಂದು, ರದ್ದಾದ ಒಂದು ದಪ್ಪ ತಗಡಿನ ಬೋರ್ಡನ್ನು ಲುಂಗಿಯ ಜೊತೆಗೇ ಕಳಿಸಿಕೊಟ್ಟರು.

ಬಡೇಸಾಬ ನಾನು ಬೈದಂತೆಲ್ಲ ಕೆಲಸ ಮಾಡಿದ. ಅಳತೆ ತೆಗೆದು ತಗಡು ಬಗ್ಗಿಸಿದ, ಬೆಸೆದ, ಗ್ರೈಂಡರಿನಿಂದ ಉಜ್ಜಿದ, ರೆಡ್ ಆಕ್ಸೈಡ್ ಬಳಿದ. ಬಾಗಿಲುಗಳು ಕೀಲುಗಳ ಮೇಲೆ ನಿಲ್ಲಲಿಲ್ಲ, ಅದಕ್ಕೆ ಅವನ್ನೂ ಬೆಸೆದೇ ಬಿಟ್ಟ. “ಬಾಗಲ ತೆಗದ್ರ ತಾನ ಬೀಳೋದು? ಖಾಯಂ ಮಾಡೀನಿ,” ಎಂದ. ಹೇಮಾಳ ಸೀಟಿನ ಮುಂದೆ, ಅವಳು ಕಾಲಿಡುವ ಕಡೆ, ಸಾಹೇಬರ ಬೋರ್ಡು ಕೂತಿತು. ಬಣ್ಣ ಸಾಲದೆ ಅಕ್ಷರ ಹಾಗೇ ಉಳಿದವು: ‘ಇಲ್ಲಿ ಅಗೆಯುವುದು ಶಿಕ್ಷಾರ್ಹ ಅಪರಾಧ.’

ಗೃಹಪ್ರವೇಶದ ದಿನ ಬೆಳಿಗ್ಗೆ ಹೇಮಾ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. ಬಾಗಿಲು ತೆರೆಯುವುದಿಲ್ಲವಾದ್ದರಿಂದ ಹುಲಿಗವ್ವನ ಮಣೆ ಹತ್ತಿ, ನನ್ನ ಹೆಗಲು ಹಿಡಿದು, ಒಳಗಿಳಿದು ಸೀಟಿನ ಮೇಲೆ ಕೂತಳು. ಕೂತು, ಸೆರಗು ಹೊದ್ದು, ಮುಂದೆ ನೋಡುತ್ತ ಮೊದಲ ದಿನ ಕೇಳಿದ್ದನ್ನೇ ಕೇಳಿದಳು:

“ಓಡಸೋರು ಯಾರ್ರೀ?”

ನಾನು ಬಡೇಸಾಬನನ್ನು ನೋಡಿದೆ. ಬಡೇಸಾಬ ನನ್ನನ್ನು ನೋಡಿದ. “ನಿಮಗ ಬರ್ತೈತಲ್ರಿ? ಇಷ್ಟ ವರ್ಷ ಬಸ್ಸಿನಾಗ ಅದೀರಿ,” ಎಂದ.

“ನಾ ಕಂಡಕ್ಟರ್ರೀ!” ಎಂದು ಚೀರಿದೆ. ಯಾರ ಮೇಲೆ ಚೀರುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ.

ಬಡೇಸಾಬ ಕೈ ಒರೆಸಿಕೊಂಡು ಸ್ಟೀರಿಂಗ್ ಮುಂದೆ ಹಾರಿ ಕೂತ. ಎರಡು ಸೀಟೂ ತುಂಬಿದವು. ಸೀಟುಗಳ ಹಿಂದೆ ಒಂದು ಬುಟ್ಟಿ ಹಿಡಿಯುವಷ್ಟು ಜಾಗವಿತ್ತು. ನಿಲ್ಲಲು ಜಾಗವೇ ಇಲ್ಲ ಎಂದು ನಾನು ಮನಸೋತ ಗಾಡಿಯಲ್ಲಿ, ಆ ಬುಟ್ಟಿಯ ಜಾಗದಲ್ಲಿ ಎರಡು ಕಾಲೂರಿ, ಸೀಟಿನ ಬೆನ್ನು ಹಿಡಿದುಕೊಂಡು ನಿಂತೆ. ಬಾಯಿ ತನ್ನಷ್ಟಕ್ಕೆ ‘ರೈಟ್’ ಎಂದಿತು. ಕಾರು ಹೊರಟಿತು.

ಗಂಗಾವತಿ ದಾಟಿದ ಮೇಲೆ ನನ್ನದೇ ಬಸ್ಸು ಹಿಂದಿನಿಂದ ಬಂತು. ನನ್ನ ಬದಲಿಗೆ ಬಂದಿದ್ದ ಕಂಡಕ್ಟರ್ ಬಾಗಿಲಿನಿಂದ ಇಣುಕಿ, “ಪಂಪಣ್ಣಾರ, ಒಳಗ ಸರೀರಿ!” ಎಂದು ಕೂಗಿದ. ಬಸ್ಸಿಗೆ ಬಸ್ಸೇ ನಕ್ಕಿತು. ಅವರಿಗೆಲ್ಲ ಏನೇನು ಬೈದೆನೋ ಗಾಳಿಗೆ ಹೋಯಿತು. ಹೇಮಾ ಮಾತ್ರ ಒಮ್ಮೆ ಹಿಂತಿರುಗಿ ನೋಡಿ, ಸೀಟಿನ ಬೆನ್ನಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟು, ಕುಷ್ಟಗಿ ಬರುವ ತನಕ ತೆಗೆಯಲಿಲ್ಲ.

ಸುಭಾಷ್‌ನ ಮನೆಯ ಮುಂದೆ ಪೆಂಡಾಲು, ಜನ, ಸಾಲಾಗಿ ಗಾಡಿಗಳು. ಗೇಟು ತೆರೆದೇ ಇತ್ತು. ನಮ್ಮ ಕೆಂಪು ಕಾರು ಗುರ್ ಎಂದು ಒಳಗೆ ನುಗ್ಗಿ ನಿಂತಾಗ ಊದುತ್ತಿದ್ದ ಸನಾದಿಯವನೂ ಊದುವುದನ್ನು ಬಿಟ್ಟು ನೋಡಿದ. ಸುಭಾಷ್ ಹೊಸ ಪಂಚೆಯಲ್ಲಿ ಮುಂದೆ ಬಂದ. ನನ್ನನ್ನು ಕೆಳಗಿನಿಂದ ಮೇಲೆ ನೋಡಿದ, ಬೀಗರ ಕಡೆ ತಿರುಗಿ ಕಣ್ಣು ಮಿಟುಕಿಸಿದ.

“ಏನ್ ಮಾಮಾ, ಸ್ವಂತ ಕಾರಿನಾಗೂ ನಿಂತ ಬಂದ್ರೆಲ್ಲಾ!”

ಪೆಂಡಾಲು ನಕ್ಕಿತು. ನನ್ನ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು, ದಾರಿಯುದ್ದಕ್ಕೂ ಮಸೆದಿಟ್ಟದ್ದು. ನಾನು ಬಾಯಿ ತೆಗೆಯುವ ಮುಂಚೆ ಹೇಮಾ ಮಾತಾಡಿದಳು. ಕೂತಲ್ಲಿಂದಲೇ ಮಾತಾಡಿದಳು, ದನಿ ಏರಿಸಲಿಲ್ಲ.

“ಹೂಂ, ನಿಂತ ಬಂದಾರ. ಇರೋದ ಎರಡ ಸೀಟು, ಅದರಾಗ ಒಂದು ನನಗ ಕೊಟ್ಟು ನಿಂತಾರ. ನಿನ್ನ ಗಾಡ್ಯಾಗ ಏಳು ಅದಾವಲ್ಲೋ ತಮ್ಮಾ. ನಿಮ್ಮ ಅಕ್ಕಂಗ ಯಾವತ್ತರ ಒಂದು ಖಾಲಿ ಆಗಿತ್ತೇನು?”

ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೀಗರು ತಮ್ಮ ತಮ್ಮ ಕಾಲುಗಳನ್ನು ನೋಡಿಕೊಂಡರು. ಅವರೆಲ್ಲ ಬಿಳಿ ಗಾಡಿಯಲ್ಲೇ ಬಂದವರು. ಸುಭಾಷ್‌ನ ಮುಖ ನಮ್ಮ ಕಾರಿನ ಬಣ್ಣಕ್ಕೆ ತಿರುಗಿತು.

“ಇಳಿ ಅಕ್ಕಾ,” ಎಂದ ಮೆಲ್ಲಗೆ.

“ಬಾಗಲ ತೆಗೆಯಂಗಿಲ್ಲ. ಕುರ್ಚಿ ತಗೊಂಡ ಬಾ.”

ಅವನು ಆಳನ್ನು ಕರೆಯಲು ತಿರುಗಿದ. “ನೀನ ತಾ,” ಎಂದಳು ಹೇಮಾ.

ಹೊಸ ಮನೆಯ ಯಜಮಾನ ಪ್ಲಾಸ್ಟಿಕ್ ಕುರ್ಚಿ ತಂದ, ಅದು ಅಲುಗದಂತೆ ಎರಡೂ ಕೈಯಿಂದ ಬಗ್ಗಿ ಹಿಡಿದುಕೊಂಡ. ಹೇಮಾ ಅವನ ತಲೆಯ ಮೇಲೆ ಕೈಯೂರಿ, ಕುರ್ಚಿಯ ಮೇಲೆ ಕಾಲಿಟ್ಟು, ಇಳಕಲ್ ಸೀರೆಯ ನೆರಿಗೆ ಎತ್ತಿಕೊಂಡು, ನಿಧಾನವಾಗಿ ತವರಿನ ಅಂಗಳಕ್ಕೆ ಇಳಿದಳು. ಯಾರೋ ಆರತಿ ತಂದರು. ಜನ ಅವಳ ಹಿಂದೆಯೇ ಒಳಗೆ ಹೋದರು, ಬಡೇಸಾಬನೂ ಊಟದ ವಾಸನೆ ಹಿಡಿದು ಹೋದ.

ನಾನು ಹಿಂದಿನಿಂದ ಮುಂದಕ್ಕೆ ದಾಟಿ, ಖಾಲಿಯಾದ ಹೇಮಾಳ ಸೀಟಿನ ಮೇಲೆ ಕೂತೆ. ಪಾದದ ಕೆಳಗೆ ಸರಕಾರದ ಬೋರ್ಡು ಗಟ್ಟಿಯಾಗಿತ್ತು. ಬೆರಳಿನಿಂದ ಬಾಗಿಲನ್ನು ಬಡಿದೆ. ಠಣ್ ಎಂದಿತು.

ಸುಭಾಷ್ ಇನ್ನೂ ಬಿಸಿಲಲ್ಲಿ ಕುರ್ಚಿ ಹಿಡಿದು ಅಲ್ಲೇ ಇದ್ದ. “ಮಾಮಾ, ನೀವೂ ಇಳೀರಿ. ಊಟ ಆರತೈತಿ,” ಎಂದ.

“ಆರಲಿ,” ಎಂದೆ. “ನಿಂತಿರು.”